ಪರದೇಶ ಸಾರಥ್ಯ ಮೀಮಾಂಸೆ: ಜರ್ಮನ್ ಖಂಡ

ಜರ್ಮನಿಯಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಚಲಿಸುತ್ತವೆ, ಸ್ಟಿಯರಿಂಗ್ ಎಡಕ್ಕಿರುತ್ತದೆ. ಭಾರತದಿಂದ ಹೋದ ಸಾರಥಿ ಇದನ್ನು ಓದಿಕೊಂಡೇ ಹೋಗಿದ್ದರೂ ಅವನ ಕೈಗಳು ಏನನ್ನೂ ಓದಿರುವುದಿಲ್ಲ. ಅಲ್ಲಿನ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಎಡಗೈಗೆ, ವೈಪರ್ ಕಡ್ಡಿ ಬಲಗೈಗೆ. ಹೀಗಾಗಿ ಸುಡುಬಿಸಿಲಿನಲ್ಲೂ ಪ್ರತಿ ತಿರುವಿಗೆ ಮುಂಗಾಜು ಒರೆಸಿಕೊಳ್ಳುತ್ತ ಬರುವ ಕಾರು ಕಂಡರೆ ಒಳಗಿರುವವರು ಯಾವ ಶಾಖೆಯವರೆಂಬುದನ್ನು, ಹೊಗೆಯಿಂದ ಬೆಂಕಿಯನ್ನು ಅರಿತಂತೆ, ಅನುಮಾನ ಪ್ರಮಾಣದಿಂದಲೇ ಅರಿಯಬಹುದು.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಪ್ರವಾಸಕ್ಕೆ ಬಂದವನಿಗೆ ಊರಿನ ಲೈಸೆನ್ಸೇ ಸಾಕು, ಆದರೆ ಅದರ ಜೊತೆ ಜರ್ಮನ್ ಅನುವಾದ ಇರಬೇಕು. ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿಯೂ ಜೇಬಿನಲ್ಲಿದ್ದರೆ ಕ್ಷೇಮ. ರಕ್ತದಲ್ಲಿ ಆಲ್ಕೋಹಾಲ್ 0.5 ಪರ್ ಮಿಲ್ ತಲುಪಿದವನು, 21 ತುಂಬದವನಾದರೆ ಒಂದು ಹನಿಯನ್ನೂ ಸೇವಿಸಿದವನು, ಅಧಿಕಾರಿಯಲ್ಲ.

ಜರ್ಮನ್ ರಸ್ತೆ ಸಂಹಿತೆಯ ಮೊದಲ ವಿಧಿ ಸದಾ ಎಚ್ಚರವನ್ನೂ ಪರಸ್ಪರ ಕಾಳಜಿಯನ್ನೂ ಬೇಡುತ್ತದೆ. ಉಳಿದ ವಿಧಿಗಳೆಲ್ಲ ಇದರ ಭಾಷ್ಯ. ವಿವಾದ ಏಳುವುದು ಹಾರ್ನ್ ಪ್ರಕರಣದಲ್ಲಿ. ಬೆಂಗಳೂರಿನ ಪೂರ್ವಪಕ್ಷದ ಪ್ರಕಾರ ರಸ್ತೆಯಲ್ಲಿ ಶಬ್ದವೇ ಪರಮ ಪ್ರಮಾಣ. ತಾನು ಬರುತ್ತಿರುವುದು, ಬಂದಿರುವುದು, ಮುಂದಿನವನು ಇನ್ನೂ ಹೋಗದಿರುವುದು, ಸಿಗ್ನಲ್ ಇನ್ನೇನು ಹಸಿರಾಗಲಿರುವುದು, ಮನೆಯ ಗೇಟು ತೆರೆಯಬೇಕಾಗಿರುವುದು, ಇವೆಲ್ಲವೂ ಹಾರ್ನಿನಿಂದಲೇ ಸಿದ್ಧಿಸುತ್ತವೆ. ಲಾರಿಗಳ ಬೆನ್ನ ಮೇಲಿನ ಶಾಸನಗಳು ಹಾರ್ನನ್ನು ವಿನಯಪೂರ್ವಕವಾಗಿ ಬೇಡುವುದೂ ಈ ಪಕ್ಷಕ್ಕೆ ಪೋಷಕ. ಜರ್ಮನ್ ಸಿದ್ಧಾಂತ ಇದನ್ನು ಒಪ್ಪುವುದಿಲ್ಲ. ಸಂಹಿತೆಯ 16ನೇ ವಿಧಿಯಂತೆ ಹಾರ್ನಿಗೆ ಎರಡೇ ಸಂದರ್ಭ: ಊರ ಹೊರಗೆ ಓವರ್‌ಟೇಕ್ ಮಾಡುವಾಗ, ಅಥವಾ ತನಗೋ ಪರರಿಗೋ ಅಪಾಯ ಕಂಡಾಗ. ಹಸಿರು ದೀಪ ಬಂದ ಅರೆಗಳಿಗೆಯಲ್ಲಿ ಮುಂದಿನ ಕಾರು ಕದಲದಿದ್ದರೆ ಅದು ಅಪಾಯವೇ ಎಂಬ ಸೂಕ್ಷ್ಮ ಪ್ರಶ್ನೆಗೆ ಉತ್ತರ: ಅಲ್ಲ.

30ನೇ ವಿಧಿ ಇನ್ನೂ ಗಹನ. ಎಂಜಿನ್ ವೃಥಾ ಓಡಿಸುವುದು, ಕಾರಿನ ಬಾಗಿಲನ್ನು ಧಡಾರೆಂದು ಹಾಕುವುದು, ಇತರರಿಗೆ ಕಿರಿಕಿರಿಯಾಗುವಂತೆ ಊರೊಳಗೆ ನಿಷ್ಪ್ರಯೋಜಕವಾಗಿ ಅತ್ತಿಂದಿತ್ತ ತಿರುಗುವುದು ಇಲ್ಲಿ ನಿಷಿದ್ಧ. ಊಟವಾದ ಮೇಲೆ ‘ಸುಮ್ನೆ ಒಂದ್ ರೌಂಡ್’ ಎಂಬ ಪ್ರಾಚೀನ ಸಂಪ್ರದಾಯ ಈ ಮೂರಕ್ಕೂ ಏಕಕಾಲದಲ್ಲಿ ಭಂಗ ತರುವ ಸಾಮರ್ಥ್ಯವುಳ್ಳದ್ದು. ಸಾರಥಿಗೆ ಪ್ರಯೋಜನವೊಂದು ಸಿದ್ಧವಿರಲಿ. ಸ್ಟುಟ್‌ಗಾರ್ಟಿನಲ್ಲಿ ಬಾಡಿಗೆ ಕಾರು ಹಿಡಿದ ಕನ್ನಡಿಗನಿಗೆ ಟ್ಯೂಬಿಂಗನ್ ಹತ್ತಿರ. ಕನ್ನಡಕ್ಕೆ 1894ರಲ್ಲಿ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಅಲ್ಲಿಯೇ. ಇದಕ್ಕಿಂತ ಸಪ್ರಯೋಜಕ ಪಯಣ ಕನ್ನಡಿಗನಿಗೆ ಆ ಸೀಮೆಯಲ್ಲಿ ದೊರಕದು. ಬಾಗಿಲನ್ನು ಮಾತ್ರ ಮೆಲ್ಲಗೆ ಹಾಕಬೇಕು.

ಸಿಗ್ನಲ್ಲೂ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬಂದವನಿಗೆ ಮೊದಲ ಹಕ್ಕು. ಬಂದದ್ದು ಬೆಂಜ್ ಕಾರೋ ಬೈಸಿಕಲ್ಲೋ, ಅವನ ರಸ್ತೆ ಸಂದಿಯೋ ಹೆದ್ದಾರಿಯೋ ಎಂಬ ವಿಚಾರ ಅಪ್ರಸ್ತುತ. ನಾಲ್ಕು ದಿಕ್ಕಿನಿಂದ ನಾಲ್ವರು ಒಟ್ಟಿಗೇ ಬಂದರೆ? ಪ್ರತಿಯೊಬ್ಬನಿಗೂ ಬಲದಲ್ಲಿ ಒಬ್ಬನಿರುವುದರಿಂದ ಪ್ರತಿಯೊಬ್ಬನೂ ಕಾಯಬೇಕು. ತಾರ್ಕಿಕರು ಇದನ್ನು ಚಕ್ರಕ ದೋಷ ಎನ್ನುತ್ತಾರೆ. ಒಬ್ಬನು ತನ್ನ ಹಕ್ಕನ್ನು ಬಿಟ್ಟುಕೊಟ್ಟು ಅದನ್ನು ಇತರರಿಗೆ ಸ್ಪಷ್ಟಪಡಿಸಿದಾಗ ಮಾತ್ರ ಪರಿಹಾರ. ಬೆಂಗಳೂರಿನಲ್ಲಿ ಈ ಸಮಸ್ಯೆ ಹುಟ್ಟುವುದೇ ಇಲ್ಲ, ಏಕೆಂದರೆ ಅಲ್ಲಿ ನಾಲ್ವರೂ ಆಗಲೇ ನಡುಮಧ್ಯದಲ್ಲಿರುತ್ತಾರೆ.

ಮೇಲಿನ ಸಂದರ್ಭದಲ್ಲಿ ಕೈಸನ್ನೆಗೆ ಶಾಸ್ತ್ರಸಮ್ಮತಿ ಉಂಟೆಂದ ಮಾತ್ರಕ್ಕೆ ಎಲ್ಲ ಮುದ್ರೆಗಳಿಗೂ ಉಂಟೆಂದು ತಿಳಿಯಬಾರದು. ಬೆರಳಿನಿಂದ ಕಣತಲೆ ತಟ್ಟಿ ‘ತಲೆ ಕೆಟ್ಟಿದೆಯಾ’ ಎಂದು ಸೂಚಿಸುವುದು ದಂಡಸಂಹಿತೆಯ ಪ್ರಕಾರ ಅವಮಾನ. ಇಂಥ ಅಪರಾಧದ ದಂಡವನ್ನು ಅಪರಾಧಿಯ ದಿನದ ವರಮಾನಕ್ಕೆ ತಕ್ಕಂತೆ ಲೆಕ್ಕಹಾಕುವುದರಿಂದ ಒಂದೇ ಮುದ್ರೆಗೆ ಸಾಫ್ಟ್‌ವೇರ್ ಎಂಜಿನಿಯರನು ವಿದ್ಯಾರ್ಥಿಗಿಂತ ಹೆಚ್ಚು ತೆರಬೇಕಾಗುತ್ತದೆ.

ಆಟೊಬಾನ್ ಕಾಂಡಕ್ಕೆ ಬರೋಣ. ಕೊಲೋನ್‌ ನಗರದ ಮೇಯರ್ ಆಗಿದ್ದ ಕೊನ್ರಾಡ್ ಆಡೆನೌವರ್ 1932ರಲ್ಲಿ ಕೊಲೋನ್–ಬಾನ್ ರಸ್ತೆಯನ್ನು ಉದ್ಘಾಟಿಸಿದಂದಿನಿಂದ ಈ ಕಾಂಡ ಬೆಳೆಯುತ್ತಲೇ ಇದೆ. ಫಲಕ ತಡೆಯದ ಕಡೆ ಕಾರುಗಳಿಗೆ ವೇಗಮಿತಿಯಿಲ್ಲ; ಗಂಟೆಗೆ 130 ಕಿ.ಮೀ. ಎಂಬುದು ಸಲಹೆ ಮಾತ್ರ. ಪ್ರವಾಸಿಗಳು ಇಷ್ಟನ್ನು ಕಂಠಪಾಠ ಮಾಡಿ ಉಳಿದದ್ದನ್ನು ಬಿಡುತ್ತಾರೆ. ಉಳಿದದ್ದು ಇದು: ಬಲಬದಿಯಿಂದ ಹಿಂದಿಕ್ಕುವಂತಿಲ್ಲ, ಎಡ ಲೇನ್ ವಾಸಕ್ಕಲ್ಲ, ನಿಲ್ಲುವಂತಿಲ್ಲ. ಕನ್ನಡಿಯಲ್ಲಿ ಚುಕ್ಕಿಯಾಗಿದ್ದ ಕಾರು ಎರಡನೆಯ ಸಲ ನೋಡುವಷ್ಟರಲ್ಲಿ ಬೆನ್ನಿಗಂಟಿರುತ್ತದೆ. ಪೆಟ್ರೋಲ್ ಮುಗಿದು ನಿಂತರೂ ದಂಡ ತಪ್ಪದು. ಮುಗಿಯುವುದನ್ನು ಮೊದಲೇ ತಿಳಿಯಬಹುದಿತ್ತಲ್ಲ ಎಂಬುದು ಅಲ್ಲಿನ ವಾದ. 1888ರಲ್ಲಿ ಬೆರ್ಟಾ ಬೆಂಜ್, ಕಾರಿನ ನಿರ್ಮಾತೃವಾದ ಗಂಡನಿಗೆ ಹೇಳದೆ, ಮಕ್ಕಳಿಬ್ಬರನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಕಾರು ಓಡಿಸಿದಾಗ ಇಂಧನಕ್ಕಾಗಿ ವೀಸ್ಲಾಕ್ ಊರಿನ ಔಷಧಿ ಅಂಗಡಿಯ ಮುಂದೆ ನಿಲ್ಲಬೇಕಾಯಿತು. ಆಟೊಬಾನ್ ಹುಟ್ಟುವ ಮೊದಲೇ ಹೊರಟು ಆಕೆ ದಂಡದಿಂದ ಪಾರಾದರು.

ಆಟೊಬಾನಿನಲ್ಲಿ ಸಂಚಾರ ನಿಂತಾಗ, ಅಥವಾ ನಡಿಗೆಯ ವೇಗಕ್ಕೆ ಇಳಿದಾಗಲೇ, ಎಡ ತುದಿಯ ಲೇನಿನವರು ಎಡಕ್ಕೂ ಉಳಿದವರೆಲ್ಲ ಬಲಕ್ಕೂ ಸರಿದು ನಡುವೆ ಆಂಬುಲೆನ್ಸಿಗೆ ಓಣಿ ಬಿಡಬೇಕು. ಸೈರನ್ ಕೇಳುವ ತನಕ ಕಾಯುವಂತಿಲ್ಲ. ಬಿಡದವನಿಗೆ 200 ಯೂರೊ ದಂಡ, ಒಂದು ತಿಂಗಳ ಚಾಲನಾ ನಿಷೇಧ. ಆಂಬುಲೆನ್ಸಿನ ಬಾಲ ಹಿಡಿದು ಮುಂದೆ ಸಾಗುವ ನಮ್ಮ ವಿದ್ವಾಂಸರ ಸುಪ್ರಸಿದ್ಧ ಪ್ರಯೋಗಕ್ಕೆ ದಂಡ ಇದಕ್ಕಿಂತಲೂ ಹೆಚ್ಚು.

ಪಾರ್ಕಿಂಗ್ ಪ್ರಕರಣವೊಂದೇ ಉದಾರವಾದದ್ದು. ಸಮಯ ನಿಗದಿಯಾದ ಕೆಲವು ಜಾಗಗಳಲ್ಲಿ ಗಾಜಿನ ಹಿಂದೆ ನೀಲಿ ಚಕ್ರವೊಂದನ್ನಿಟ್ಟು, ಬಂದ ಹೊತ್ತಿನ ನಂತರದ ಅರ್ಧ ಗಂಟೆಗೆ ಬಾಣ ತಿರುಗಿಸಬೇಕು. 10:01ಕ್ಕೆ ಬಂದವನ ಬಾಣ 10:30ಕ್ಕೆ. 29 ನಿಮಿಷ ಉಚಿತ. ಹಾಗಾದರೆ 9:59ಕ್ಕೆ ಬಂದ ನತದೃಷ್ಟನ ಗತಿಯೇನು? ಕಾರು ಬಿಟ್ಟು ಇಳಿಯುವವರೆಗೆ, ಅಥವಾ ಮೂರು ನಿಮಿಷ ಮೀರುವವರೆಗೆ, ಅದು ನಿಲುಗಡೆಯೇ ಹೊರತು ಪಾರ್ಕಿಂಗ್ ಅಲ್ಲವೆಂದು 12ನೇ ವಿಧಿ ಹೇಳುತ್ತದೆ. ಆದ್ದರಿಂದ ಅವನು ಎರಡು ನಿಮಿಷ ಸೀಟಿನಲ್ಲೇ ಧ್ಯಾನಸ್ಥನಾಗಿದ್ದು ಆಮೇಲೆ ಚಕ್ರ ತಿರುಗಿಸಬಹುದೆಂದು ಒಂದು ಮತ. ಆಗ ಎಂಜಿನ್ ಆಫ್ ಆಗಿರಬೇಕೆಂಬುದು 30ನೇ ವಿಧಿ ಬಲ್ಲವರಿಗೆ ಹೇಳಬೇಕಿಲ್ಲ.

ಆಟೊಬಾನ್ ಬಿಟ್ಟರೆ ವೇಗಮಿತಿ ಊರೊಳಗೆ ಗಂಟೆಗೆ 50 ಕಿ.ಮೀ., ಹೊರಗೆ 100. ಮೀರಿದವನನ್ನು ಪೊಲೀಸರು ಅಡ್ಡಗಟ್ಟಬೇಕೆಂದಿಲ್ಲ. ರಸ್ತೆಬದಿಯ ಕ್ಯಾಮೆರಾ ಒಮ್ಮೆ ಮಿಂಚುತ್ತದೆ. ಬಾಡಿಗೆ ಕಾರಾದರೆ ಕಂಪನಿ ವಿಳಾಸ ಕೊಟ್ಟು, ವಿಳಾಸ ಕೊಟ್ಟ ಶ್ರಮಕ್ಕೂ ಶುಲ್ಕ ಹಿಡಿಯುವುದು ವಾಡಿಕೆ. ದಂಡಪತ್ರದಲ್ಲಿ ದಿನಾಂಕ, ಸ್ಥಳ, ಗಳಿಗೆ, ವೇಗ ಎಲ್ಲವೂ ನಮೂದಾಗಿರುತ್ತವೆ. ಅಳತೆಯ ದೋಷಕ್ಕೆಂದು ಗಂಟೆಗೆ 100 ಕಿ.ಮೀ. ವರೆಗಿನ ವೇಗದಲ್ಲಿ 3 ಕಿ.ಮೀ. ಅವರೇ ಮೊದಲು ಕಳೆದಿರುವುದರಿಂದ ಚೌಕಾಸಿಗೆ ಎಡೆಯಿಲ್ಲ.