ಸಾಲಗುಂದದ ಡೊಮೇನ್ ಸಾವ್ಕಾರ

ಆನ್‌ಲೈನ್ ಹರಾಜಿನಲ್ಲಿ ವೆಬ್‌ಸೈಟು ಕೊಂಡು ಮಾರುವ ಸಾವ್ಕಾರ ಯಾವ ಊರಲ್ಲಾದರೂ ಇರಬಹುದು. ಅವನನ್ನು ಸಿಂಧನೂರು ತಾಲ್ಲೂಕಿನ ಸಾಲಗುಂದದಲ್ಲೇ ಕೂರಿಸಿ ನೋಡೋಣ. ಸರಕು ಪರೀಕ್ಷಿಸುವ ವಿದ್ಯೆ ಗೊತ್ತಿರುವ ಸೀಮೆಯಲ್ಲಿ ಅವನ ಸೊಗಸು ಎದ್ದು ಕಾಣುತ್ತದೆ. ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆಂಬುದು ಅವನಿಗೆ ತಿಳಿಯದು, ಅಮೆರಿಕದಲ್ಲಿ ಈಗ ಎಷ್ಟು ಗಂಟೆ ಎಂಬುದು ತಿಳಿದಿರುತ್ತದೆ. ಹರಾಜು ಮುಗಿಯುವುದು ಅಲ್ಲಿಯ ಗಡಿಯಾರಕ್ಕೆ ತಾನೆ? ಹಾಗಾಗಿ ನಮ್ಮ ಕೋಳಿ ಕೂಗುವ ಹೊತ್ತಿಗೆ ಅವನಿನ್ನೂ ಮಲಗಿರುವುದಿಲ್ಲ. ಹೆಣ್ಣು ನೋಡಲು ಹೋದಾಗ ಎಕರೆಯ ಲೆಕ್ಕದ ಜತೆ ‘ಮೂರು ಸ್ವಂತ ವೆಬ್‌ಸೈಟ್’ ಎಂದೂ ಸೇರಿಸುತ್ತಾನೆ. ‘ತಿಂಗಳಿಗೆ ಎರಡು ಲಕ್ಷ ಮಂದಿ ಬರ್ತಾರಪ್ಪಾ’ ಎಂದು ಅವನು ಎದೆಯುಬ್ಬಿಸಿದರೆ, ‘ಅಷ್ಟು ಮಂದಿಗೆ ಊಟಕ್ಕ ಯಾರು ಹಾಕ್ತಾರ?’ ಎಂದು ತಂದೆ ಕೇಳುತ್ತಾನೆ. ಪ್ರಶ್ನೆ ದಡ್ಡತನದ್ದೆಂದು ಮಗ ನಗುತ್ತಾನೆ. ಆ ಎರಡು ಲಕ್ಷ ಮಂದಿ ಮನುಷ್ಯರೇ ಹೌದೋ ಅಲ್ಲವೋ ಎಂದು ಮನೆಯಲ್ಲಿ ಯಾರಾದರೂ ವಿಚಾರಿಸಿದ್ದರೆ ಅದು ತಂದೆಯೊಬ್ಬನೇ.

ಇದೇ ಮಗ ಸಿಂಧನೂರಿನ ಅಡತಿ ಅಂಗಡಿಯಲ್ಲಿ ನಿಂತರೆ ಬೇರೆಯೇ ಮನುಷ್ಯ. ಚೀಲದ ತಳದವರೆಗೆ ಕೈ ಇಳಿಸಿ ನೆಲ್ಲು ತೆಗೆಯುತ್ತಾನೆ, ಒಂದು ಕಾಳು ಕಡಿದು ಹಸಿ ಎಷ್ಟೆಂದು ಹೇಳುತ್ತಾನೆ, ಅಂಗೈಯಲ್ಲಿ ಊದಿ ಜೊಳ್ಳು ಹಾರಿಸುತ್ತಾನೆ. ಕರ್ನಾಟಕದ ಎಪಿಎಂಸಿಗಳಿಗೆ 2014ರಿಂದ ಆನ್‌ಲೈನ್ ಟೆಂಡರ್ ಬಂದಿದೆ. ಬೆಲೆ ಕಂಪ್ಯೂಟರಿನಲ್ಲಿ ಕೂಗಿದರೂ ಸರಕು ಪ್ರಾಂಗಣದಲ್ಲೇ ರಾಶಿ ಬಿದ್ದಿರುತ್ತದೆ. ಹತ್ತು ಖರೀದಿದಾರರು ಬೆಲೆ ಹಾಕಿದರೆ ಹತ್ತು ಕೈಗಳು ಆ ರಾಶಿಯನ್ನು ಮುಟ್ಟಿರುತ್ತವೆ. ಅದಕ್ಕೇ ಅಲ್ಲಿ ಪಕ್ಕದವನು ಕೂಗಿದ ಬೆಲೆಗೆ ಸಾಕ್ಷಿಯ ತೂಕ ಉಂಟು. 2009ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಶುರುವಾದ ಫ್ಲಿಪ್ಪಾದಂಥ ವೆಬ್‌ಸೈಟು ಪೇಟೆಗಳಲ್ಲಿ ಸಣ್ಣ ಸೈಟುಗಳಿಗೆ ಸಾಮಾನ್ಯವಾಗಿ ಎರಡು-ಮೂರು ವರ್ಷದ ಲಾಭವನ್ನು ಬೆಲೆಯಾಗಿ ಕೇಳುತ್ತಾರೆ. ಲಾಭ ಎಷ್ಟೆನ್ನುವುದಕ್ಕೆ ನಮ್ಮ ಸಾವ್ಕಾರ ನಂಬುವುದು ಒಂದು ಸ್ಕ್ರೀನ್‌ಶಾಟ್! ಅದನ್ನು ತಿದ್ದಲು ಹತ್ತು ನಿಮಿಷ ಸಾಕು. ಬಾಡಿಗೆ ಬಾಟ್‌ಗಳನ್ನು ಬಿಟ್ಟರೆ ಓದುಗರ ಸಂಖ್ಯೆ ತಾನಾಗಿ ಉಬ್ಬುತ್ತದೆ. ಹತ್ತು ಜನ ಬೆಲೆ ಕೂಗಿದರೂ ಎಲ್ಲರೂ ನೋಡಿದ್ದು ಅದೇ ಒಂದು ಚಿತ್ರ, ಆ ಹತ್ತರಲ್ಲಿ ಮಾರುವವನ ಭಾವಮೈದುನ ಎಷ್ಟು ಮಂದಿಯೋ. ಸಾವ್ಕಾರನ ತರ್ಕ ಮಾತ್ರ ಅಡತಿ ಅಂಗಡಿಯದೇ: ‘ಇಷ್ಟು ಮಂದಿ ಕೂಗಾಕ ಹತ್ಯಾರಂದ್ರ ಮಾಲು ಚಲೋನೇ ಇರ್ಬೇಕು.’ ಉಳಿದ ಒಂಬತ್ತು ಮಂದಿಯೂ ಅವನನ್ನು ನೋಡಿ ಹಾಗೆಯೇ ಅಂದುಕೊಂಡಿರುತ್ತಾರೆ. ಬೆಲೆಯನ್ನು ಪರೀಕ್ಷಿಸಿದರೆ ಸರಕನ್ನು ಪರೀಕ್ಷಿಸಿದಂತೆ ಎಂದು ಅವನು ತಿಳಿದಿರುವುದರಲ್ಲೇ ಅವನ ದಂಧೆಯ ಸಕಲ ನಷ್ಟವೂ ಅಡಗಿದೆ.

ಇದನ್ನು ಹೇಳಿದರೆ ಅವನ ಬಳಿ ಉತ್ತರ ತಯಾರು. 2019ರಲ್ಲಿ ವಾಯ್ಸ್ ಡಾಟ್ ಕಾಮ್ ಎಂಬ ಬರೀ ಹೆಸರು ಮೂರು ಕೋಟಿ ಡಾಲರಿಗೆ ಹೋಗಲಿಲ್ಲವೇ? ಹೋಯಿತು. ಅದನ್ನು ಮಾರಿದ್ದು ಮೈಕ್ರೋಸ್ಟ್ರಾಟಜಿ ಎಂಬ ದೊಡ್ಡ ಕಂಪನಿ, ಅದೂ ಮಾತುಕತೆ ಮಾಡಿ. ನಮ್ಮವನ ಕೈಲಿರುವುದು ‘ಬೆಸ್ಟ್ ಸೋನಾಮಸೂರಿ ಆನ್‌ಲೈನ್ 24’ ಎಂಬಂಥ ಉದ್ದನೆಯ ಹೆಸರು. ಹಾಗಾದರೆ ದೊಡ್ಡವರು ನಾಳೆ ಇಡಲಿರುವ ಹೆಸರನ್ನು ಇಂದೇ ಹಿಡಿದಿಡೋಣ ಎನ್ನುತ್ತಾನೆ. ದಿಲ್ಲಿಯ ತರುಣನೊಬ್ಬ ಜಿಯೋಹಾಟ್‌ಸ್ಟಾರ್ ಹೆಸರನ್ನು ಹೀಗೇ ಮೊದಲೇ ಹಿಡಿದು, 2024ರ ಅಕ್ಟೋಬರಿನಲ್ಲಿ ಕೇಂಬ್ರಿಜ್ ಓದಿನ ಖರ್ಚನ್ನು ರಿಲಯನ್ಸ್‌ನಿಂದ ಕೇಳಿದ. ಸಿಗಲಿಲ್ಲ. ಹೆಸರು ದುಬೈನ ಅಣ್ಣ-ತಂಗಿಯ ಕೈಗೆ ಹೋಯಿತು, ಅವರು ಅದನ್ನು ಪುಕ್ಕಟೆ ಕೊಡುತ್ತೇವೆಂದರು. ಕಾನೂನಂತೂ ಹಳೆಯದು, ಅದರ ಬೇರು ನಮ್ಮ ರಾಜ್ಯದ್ದೇ: ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಶುರುವಾದ ಸಿಫಿ ಮತ್ತು ಸಿಫ್ಫಿನೆಟ್ ಕಂಪನಿಗಳ ಜಗಳದಲ್ಲಿ, ಡೊಮೇನ್ ಹೆಸರಿಗೂ ವ್ಯಾಪಾರದ ಹೆಸರಿನ ರಕ್ಷಣೆ ಉಂಟೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿಬಿಟ್ಟಿತು.

ಕೊನೆಯ ಅಸ್ತ್ರ ಎಸ್ಕ್ರೋ. ಹಣ ಮಧ್ಯಸ್ಥನ ಬಳಿ ಇರುತ್ತದೆ, ಸೈಟು ಕೈಸೇರಿದ ಮೇಲೇ ಮಾರಿದವನಿಗೆ ಹೋಗುತ್ತದೆ, ಮೋಸವೆಲ್ಲಿಂದ ಬಂತು ಎನ್ನುತ್ತಾನೆ. ಮಾತು ಅರ್ಧ ನಿಜ. ಸೈಟು ಕೈಸೇರಿತೋ ಇಲ್ಲವೋ ಎಂಬುದಕ್ಕಷ್ಟೇ ಎಸ್ಕ್ರೋ ಕಾವಲು; ಓದುಗರು ದಿಟವೋ ಸುಳ್ಳೋ ಎಂಬುದು ಅದರ ಕೆಲಸವಲ್ಲ. ಇಷ್ಟಾಗಿಯೂ ಈ ದಂಧೆಯಲ್ಲಿ ದುಡಿದವರಿಲ್ಲ ಎನ್ನಲಾಗದು. ಸೊರಗಿದ ಸೈಟು ಕೊಂಡು, ಹೊಸದಾಗಿ ಬರೆದು, ಓದುಗರನ್ನು ಬೆಳೆಸಿ ಮಾರುವವರು ಇದ್ದಾರೆ. ಅವರು ಮಾಡುವುದು ಸಾಗುವಳಿ, ನಮ್ಮವನಿಗೆ ಬೇಕಿರುವುದು ಸುಗ್ಗಿ ಮಾತ್ರ. ಆದ್ದರಿಂದ ನಿಮ್ಮ ಮನೆಯಲ್ಲೂ ಇಂಥ ಸಾವ್ಕಾರನಿದ್ದರೆ ಬೈಯಬೇಡಿ. ಮಾರುವವನ ಅನಲಿಟಿಕ್ಸ್ ಖಾತೆಯನ್ನೇ ನೋಡಲು ಅನುಮತಿ ಕೇಳು, ಆರು ತಿಂಗಳ ಬ್ಯಾಂಕ್ ಜಮೆಯ ಜತೆ ತಾಳೆ ಹಾಕು ಎಂದು ಹೇಳಿ. ‘ಸ್ಕ್ರೀನ್‌ಶಾಟ್ ಕಳಿಸ್ತೀನಿ’ ಎಂಬ ಉತ್ತರ ಬಂದರೆ ಮುಂಗಡ ಕೊಡಲು ಬಿಡಬೇಡಿ.