ಡಬಲ್ ಸಾವ್ಕಾರ್ರು

ದಾಂಡೇಲಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಯಾವ ಬಸ್ಸಿಗೂ ಕಾಯದೆ ಕೂತವರೊಬ್ಬರು ಇದ್ದೇ ಇರುತ್ತಾರೆ. ಬಿಳಿ ಅಂಗಿ, ಎರಡು ಫೋನು, ಕಿಸೆಯಲ್ಲಿ ಮಡಿಕೆ ಹರಿದ ನಕಾಶೆ. ಮಾತು ಎಲ್ಲಿಂದ ಶುರುವಾದರೂ "ಎರಡ ವರ್ಷ ತಡ್ಕೊಳ್ರಿ, ಡಬಲ್ ಆಗ್ತೈತಿ" ಎಂಬಲ್ಲಿಗೆ ಬಂದು ಮುಟ್ಟುವುದರಿಂದ ಇವರನ್ನು ಡಬಲ್ ಸಾವ್ಕಾರ್ರು ಎನ್ನೋಣ. ಸಾವಕಾಶ ಮಾತ್ರ ಇವರ ಜಾತಕದಲ್ಲಿಲ್ಲ. ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆ ತೋರಿಸಿ ಮಾರುತ್ತಾರೆ, ದಾಂಡೇಲಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ತೋರಿಸಿ, ಜೋಯಿಡಾದಲ್ಲಿ ಗೋವಾದ ದಿಕ್ಕು ತೋರಿಸಿ. ಮುಂಡಗೋಡಿನಲ್ಲಿ ಬೌದ್ಧ ಮಂದಿರದ ಶಿಖರ ಕಂಡರೆ ಗುಂಟೆಯ ರೇಟೇ ಬೇರೆ. 1966ರಲ್ಲಿ ಶುರುವಾದ ಆ ಟಿಬೆಟಿಯನ್ ಕ್ಯಾಂಪಿನ ನೆಲ ಸರ್ಕಾರ ಕೊಟ್ಟದ್ದು, ಮಾರಾಟದ್ದಲ್ಲ. ಹಾಗಾಗಿ ಇವರು ಅದರ ನೋಟವನ್ನಷ್ಟೇ ಮಾರುತ್ತಾರೆ. ಅಕ್ಕಪಕ್ಕದ್ದನ್ನೆಲ್ಲ ಇಷ್ಟು ಹೊಗಳುವವರು ಮಾರುವ ಜಮೀನಿನ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ.

ಹೂಡಿಕೆಗೂ ಜೂಜಿಗೂ ಇರುವ ಗೆರೆ ಇಲ್ಲೇ ಕಾಣುತ್ತದೆ. ನಾಳೆ ಯಾರೂ ಕೊಳ್ಳಲು ಬಾರದಿದ್ದರೂ ಜಮೀನು ಏನಾದರೂ ದುಡಿದು ಕೊಡುತ್ತದೆಯೇ? ಎಕರೆಗೆ 40 ಲಕ್ಷ ಕೊಟ್ಟಿರೆನ್ನಿ. ಭತ್ತ ಬೆಳೆದು, ಆಳು-ಗೊಬ್ಬರದ ಖರ್ಚು ಕಳೆದು ವರ್ಷಕ್ಕೆ 20 ಸಾವಿರ ಉಳಿಯಿತೆನ್ನಿ. ಅರ್ಧ ಪರ್ಸೆಂಟ್ ಆಯಿತು. ಅದೇ ದುಡ್ಡು ಶೇ. 6ರ ಠೇವಣಿಯಲ್ಲಿ ಮಲಗಿಕೊಂಡೇ 2.4 ಲಕ್ಷ ತರುತ್ತದೆ. ನಡುವಿನ 2.2 ಲಕ್ಷವನ್ನು ಪ್ರತಿವರ್ಷ ತುಂಬಿಕೊಡಬೇಕಾದವನು ಇನ್ನೂ ಊರಿಗೇ ಬಂದಿರದ ಮುಂದಿನ ಗಿರಾಕಿ. ಸಾವ್ಕಾರ್ರಿಗೂ ಈ ಲೆಕ್ಕ ಗೊತ್ತು. ಅದಕ್ಕೇ ಅವರು ಸಂಚಕಾರ ಕೊಟ್ಟು ಕರಾರು ಪತ್ರ ಬರೆಸಿಕೊಳ್ಳುತ್ತಾರೆಯೇ ಹೊರತು ಖರೀದಿ ಪತ್ರದವರೆಗೆ ಹೋಗುವುದಿಲ್ಲ. ನೋಂದಣಿ ಖರ್ಚು ಬೀಳುವ ಮೊದಲೇ ಕರಾರನ್ನು ಇನ್ನೊಬ್ಬರ ಕೈಗೆ ದಾಟಿಸುತ್ತಾರೆ. ಕೊನೆಗೆ ಕೈಯಲ್ಲಿ ಉಳಿಸಿಕೊಂಡವನಿಗೆ ಹೂಡಿಕೆದಾರ ಎಂಬ ಬಿರುದು.

ಕಾನೂನಿನ ಓದಿನಲ್ಲೂ ಅವರದು ಅರ್ಧ ಪುಟ. 2020ರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂಬಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಕೊಂಡ ಮೇಲೆ ರೆಸಾರ್ಟ್ ಕಟ್ಟಲು ಭೂಪರಿವರ್ತನೆ, ಇವರ ಬಾಯಲ್ಲಿ 'ಎನ್.ಎ.', ಬೇಕೆಂಬುದು ಮುಂದಿನ ಪುಟದಲ್ಲಿದೆ. 2007ರಲ್ಲಿ ಘೋಷಣೆಯಾಗಿ 2015ರಲ್ಲಿ ಕಾಳಿ ಎಂದು ಹೆಸರು ಬದಲಿಸಿಕೊಂಡ ಹುಲಿ ಸಂರಕ್ಷಿತ ಪ್ರದೇಶ ಅವರ ಜಾಹೀರಾತಿನಲ್ಲಿದೆ, ನಕಾಶೆಯಲ್ಲಿಲ್ಲ. ಅತಿಕ್ರಮಣದ ಜಾಗಕ್ಕೂ "ಇವತ್ತಲ್ಲಾ ನಾಳೆ ಪಟ್ಟಾ ಆಗ್ತೈತ್ರಿ" ಎಂಬ ಭರವಸೆ ಸಿದ್ಧ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ಹಕ್ಕು ವಾರಸುದಾರರಿಗೆ ಹೋಗುತ್ತದೆಯೇ ವಿನಾ ಪರಭಾರೆ ಮಾಡಲು ಬರುವುದಿಲ್ಲ. ಆ ಪಟ್ಟಾ ಆದರೂ ಕೊಂಡವನದಾಗದು.

ಭೂಮಿಯನ್ನು ಹೊಸದಾಗಿ ಹುಟ್ಟಿಸಲಾಗದು, ಬೆಲೆ ಏರಲೇಬೇಕು ಎನ್ನುವವರಿದ್ದಾರೆ. ಮಾತು ಸರಿ. ಆದರೆ ಕಾಡೇ ಹೆಚ್ಚಿರುವ ಜೋಯಿಡಾದಲ್ಲಿ ಜಮೀನು ಯಾವ ಕಾರಣಕ್ಕೆ ಅಪರೂಪವೋ ಅದೇ ಕಾರಣಕ್ಕೆ ಅದರ ಮೇಲೆ ಮನಬಂದದ್ದು ಕಟ್ಟಲೂ ಆಗದು. ಭೂಮಿ ಎಲ್ಲಿಗೂ ಓಡಿಹೋಗುವುದಿಲ್ಲ ಎನ್ನುವವರಿಗೆ ಹಳೆಯ ಸೂಪಾ ಊರನ್ನು ತೋರಿಸಬಹುದಿತ್ತು. ಅದು ಅಣೆಕಟ್ಟಿನ ನೀರಿನಡಿ ಇದೆ. ಇನ್ನು, ಹೀಗೆ ಕೊಂಡು ಗೆದ್ದವರಿಲ್ಲವೇ? ಇದ್ದಾರೆ, ಅವರದೇ ಕಥೆ ಚಹಾದಂಗಡಿಯಲ್ಲಿ ಓಡಾಡುತ್ತದೆ. ಸಿಕ್ಕಿಬಿದ್ದವರು ಚಹಾಕ್ಕೆ ಬರುವುದಿಲ್ಲ.

ನಿಜವಾದ ಹೂಡಿಕೆದಾರ ಚಿತ್ರಕ್ಕೆ ಒದಗದ ಮನುಷ್ಯ. ಅವನಲ್ಲಿ ನಗಲು ಏನೂ ಇಲ್ಲ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲದ ಬೋಜಾ ನೋಡುತ್ತಾನೆ, ಋಣಭಾರ ಪತ್ರ ತೆಗೆಸುತ್ತಾನೆ, ಹದ್ದುಬಸ್ತು ಮಾಡಿಸುತ್ತಾನೆ, ದಾರಿ ಯಾರ ಹೊಲದ ಮೇಲೆ ಹಾಯುತ್ತದೆಂದು ಕೇಳುತ್ತಾನೆ. ಸಾವ್ಕಾರ್ರಿಗೆ ಇಂಥವರೆಂದರೆ ತಲೆನೋವು. ಅವರು ಜಮೀನು ತೋರಿಸುವುದು ಗಣಪತಿ ಹಬ್ಬದಿಂದ ದಸರೆಯ ತನಕ, ಬಂಡೆಗಲ್ಲೂ ಹಸಿರಾಗಿರುವ ಕಾಲದಲ್ಲಿ. "ಏಪ್ರಿಲ್‌ನಲ್ಲಿ ಬಂದು ಬಾವಿ ನೀರು ನೋಡ್ತೀನ್ರಿ" ಎಂದು ಹೇಳಿ ನೋಡಿ. ಏಪ್ರಿಲ್‌ನಲ್ಲಿ ಎರಡೂ ಫೋನು ವ್ಯಾಪ್ತಿ ಪ್ರದೇಶದ ಹೊರಗಿರುತ್ತವೆ.