ಚಪ್ಪಟಿ ತಲಿ ಪಂಚಾಯತಿ

(ಬನಹಟ್ಟಿಯ ನೇಕಾರರ ಮನೆ. ಪಡಸಾಲೆಯಲ್ಲಿ ತೊಟ್ಟಿಲು, ಪಶ್ಚಿಮದ ಬಾಗಿಲಾಚೆ ವಿದ್ಯುತ್ ಮಗ್ಗದ ಸಪ್ಪಳ. ಬಾಣಂತಿ ಸಾವಿತ್ರಿ, ಅವಳ ತಾಯಿ ಗಂಗವ್ವ, ಮೂರು ತಿಂಗಳ ಕೂಸು. ಮುಧೋಳದಿಂದ ಅಳಿಯ ಮಲ್ಲೇಶಿ ಬಂದಿದ್ದಾನೆ. ಕೊಟ್ಟ ನೀರು ಕುಡಿಯುವ ಮೊದಲೇ ಕೂಸಿನ ತಲೆ ಸವರಿ ನೋಡಿದ.)

ಮಲ್ಲೇಶಿ: ಅತ್ತಿ, ಇದೇನ್ರಿ? ಹಿಂದ ಎಡಕ್ಕ ತಲಿ ಚಪ್ಪಟಿ ಆಗೇತಿ! ಕೊಡುವಾಗ ಗುಂಡಗ ಇತ್ತಲ್ರಿ?

ಗಂಗವ್ವ: ಕೊಟ್ಟಾವ್ರು ಯಾರು ಅಳಿಯಂದ್ರ, ನೀವಾ? ಒಂಬತ್ತ ತಿಂಗಳ ಹೊತ್ತಾಕಿ ನನ್ನ ಮಗಳು.

ಸಾವಿತ್ರಿ: ನಂಗೂ ದಿನಾ ಇದ ಚಿಂತಿ ರೀ. ಬೀಳಗಿ ಚಿಗವ್ವ ಸಾಸವಿ ದಿಂಬು ಹೊಲಿ ಅಂದ್ಲು. ಜಮಖಂಡಿ ಕಾಕು, ಎರಿಯುವಾಗ ಎರಡೂ ಕೈಲೆ ಒತ್ತಿ ಗುಂಡ ಮಾಡು ಅಂದ್ಲು.

ಮಲ್ಲೇಶಿ: ಅದೆಲ್ಲಾ ಹಳೇದಾತು. ಬೆಂಗಳೂರಿಂದ ಹೆಲ್ಮೆಟ್ ತರಸತೀನಿ.

ಗಂಗವ್ವ: ತೊಟ್ಟಿಲದಾಗ ಮಲಗೋ ಕೂಸಿಗೆ ಹೆಲ್ಮೆಟ್ಟಾ? ಇಲ್ಲಿ ಯಾವ ಪೊಲೀಸ ಹಿಡೀತಾನ್ರಿ?

ಮಲ್ಲೇಶಿ: ತಲಿ ಅಂದ್ರ ಹೆಂಗಿರಬೇಕ್ರಿ? ನಮ್ಮೂರ ನಾಯಿ ನೋಡ್ರಿ, ಎಷ್ಟ ಉದ್ದ, ಎಷ್ಟ ಚಂದ!

ಗಂಗವ್ವ: ಮುಧೋಳ ನಾಯಿ ಮೊಲ ಹಿಡೀಲಿ. ನನ್ನ ಮೊಮ್ಮಗ ಮೊಲಿ ಹಿಡದ್ರ ಸಾಕು.

(ಆಶಾ ಕಾರ್ಯಕರ್ತೆ ಶೋಭಾ ಬರುತ್ತಾಳೆ. ಅಂಥ ಹೊತ್ತಿಗೆ ಬರುವವರಿಗೆ ಚಹಾ ತಡ, ಬೈಗುಳ ಮೊದಲು.)

ಗಂಗವ್ವ: ಬಾರವ್ವಾ. ಕೂಸಿನ್ನ ಅಂಗಾತ ಮಲಗಸ್ರಿ ಅಂದಾಕಿ ನೀನ. ನೋಡೀಗ!

ಶೋಭಾ: ಅಂದೇನಿ, ಇವತ್ತೂ ಅಂತೀನಿ. ಡಬ್ಬ ಮಲಗಿದ ಕೂಸು ನಿದ್ದಿಯೊಳಗ ಒಮ್ಮಿಂದೊಮ್ಮೆಲೆ...

ಗಂಗವ್ವ: ಬಿಡ್ತು ಅನ್ನು!

ಶೋಭಾ: ಬಿಡ್ತು. ಅಮೆರಿಕಾದಾಗ 1994ರಾಗ ಕೂಸುಗಳನ್ನ ಅಂಗಾತ ಮಲಗಸ್ರಿ ಅಂತ ದೇಶಕ್ಕೆಲ್ಲಾ ಸಾರಿದ್ರು. ಮುಂದ ಕೆಲವ ವರ್ಷದಾಗ ಅಂಥಾ ಸಾವು ಹೆಚ್ಚುಕಡಿಮಿ ಅರ್ಧಕ್ಕ ಇಳದ್ವು. ಚಪ್ಪಟಿ ತಲಿ ಮಾತ್ರ ಹೆಚ್ಚಾದ್ವು. ಯಾವದ ಬೇಕ ಆಯಿ ನಿಮಗ?

ಗಂಗವ್ವ: ಚಪ್ಪಟಿನ ಇರಲಿ ತಗೋ. ಹೆಂಗೂ ಮದುವಿದಾಗ ಪೇಟಾ ಸುತ್ತತಾರ.

ಮಲ್ಲೇಶಿ: ಮೆದುಳಿಗೇನೂ ಆಗೂದಿಲ್ಲೇನ್ರಿ?

ಶೋಭಾ: ಬರೇ ಮಲಗಿ ಚಪ್ಪಟಿ ಆದದ್ದಕ್ಕ ಮೆದುಳಿಗೇನೂ ಆಗೂದಿಲ್ರಿ. ತಲಿ ಎಲುಬು ಇನ್ನೂ ಕೂಡಿಲ್ಲ, ಮಿದುವ ಐತಿ. ಒಂದ ಕಡೆ ಭಾರ ಬಿದ್ರ ಒಳಗ ಹೋಗತೈತಿ, ಭಾರ ತಪ್ಪಿಸಿದ್ರ ಬೆಳೀತ ಬೆಳೀತ ತುಂಬಕೊಳ್ತೈತಿ. ಕೈಲೆ ಒತ್ತಾಕ ಅದೇನ ರೊಟ್ಟಿ ಹಿಟ್ಟಲ್ಲ. ದಿಂಬು ವರ್ಷದ ಮಟ ಬ್ಯಾಡ, ಮೂಗಿಗೆ ಅಡ್ಡ ಬಂದೀತು.

ಗಂಗವ್ವ: ಸಾಸವಿ ಒಗ್ಗರಣಿಗೆ ಉಳೀತು.

ಮಲ್ಲೇಶಿ: ಹೆಲ್ಮೆಟ್?

ಶೋಭಾ: ದಿನಕ್ಕ 23 ತಾಸು ಹಾಕಬೇಕ್ರಿ ಅದನ್ನ. ನೆದರ್‌ಲ್ಯಾಂಡ್ಸಿನಾಗ 84 ಕೂಸುಗಳನ್ನ ಎರಡು ಪಾಲು ಮಾಡಿ ನೋಡಿದ್ರಂತ. ಹೆಲ್ಮೆಟ್ ಹಾಕಿದವು, ಹಾಕದವು, ಎರಡೂ ಪಾಲು ಅಷ್ಟಷ್ಟ ಸುಧಾರಿಸಿದ್ವು. 2014ರಾಗ ಅದು ಅಚ್ಚಾತು. ಅಂಥಾ ತಂಪು ದೇಶದಾಗ ಸೈತ ಕೂಸು ಬೆವತು, ಹೆಲ್ಮೆಟ್ಟು ನಾರತಿದ್ವಂತ.

ಗಂಗವ್ವ: ನಮ್ಮ ಬ್ಯಾಸಗಿಯೊಳಗ ತಲಿ ಗುಂಡಗಾಗೂದಿಲ್ಲ, ಕುದೀತೈತಿ.

ಶೋಭಾ: (ಗಿಲಕಿ ಆಡಿಸುತ್ತ) ಕುತ್ತಿಗಿ ಎರಡೂ ಕಡೆ ಸಲೀಸ ತಿರಗತೈತಿ. ತಿರಗದಿದ್ರ, ಇಲ್ಲಾ ಹುಟ್ಟಿದಾಗಿಂದನ ತಲಿ ಸೊಟ್ಟ ಇದ್ರ, ಮಕ್ಕಳ ಡಾಕ್ಟರಿಗೆ ತೋರಸಬೇಕಾಗ್ತಿತ್ತು. ಅಲ್ಲಾ, ಇಂವಾ ಯಾವಾಗಲೂ ಎಡಕ್ಕ ಯಾಕ ನೋಡತಾನ?

ಸಾವಿತ್ರಿ: ಆ ಕಡೆ ಅಪ್ಪನ ಮಗ್ಗ ಐತೆಲ್ಲಾ. ಸಪ್ಪಳ ಸುರು ಆತಂದ್ರ ಮಾರಿ ಅತ್ತಾಗ.

ಗಂಗವ್ವ: ನೇಕಾರರ ಮೊಮ್ಮಗ! ಅಜ್ಜ ಕೆಲಸಾ ತಪ್ಪಸ್ತಾನೇನಂತ ಕಾಯತಾನ.

ಶೋಭಾ: ಹಂಗಾರ ಸಿಕ್ತು. ತಲಿ ಇದ್ದಲ್ಲೆ ಕಾಲು ಬರೂಹಂಗ ತಿರುಗಿಸಿ ಮಲಗಸ್ರಿ. ಮಗ್ಗ ನೋಡಾಕ ಬಲಕ್ಕ ತಿರಗತಾನ.

ಗಂಗವ್ವ: ಅಂದ್ರ ಉತ್ತರಕ್ಕ ತಲಿ! ಹಂಗ ಮಲಗಿದ ಆನಿ ತಲೀನ ಕಡದ ಗಣಪ್ಪಗ ಹಚ್ಚಿದ್ದು. ಗೊತ್ತಿಲ್ಲೇನ?

ಮಲ್ಲೇಶಿ: ಹೌದ್ರಿ ಅತ್ತಿ. ಆಮ್ಯಾಲ ಆ ಅಳತಿ ಹೆಲ್ಮೆಟ್ ಎಲ್ಲಿ ಸಿಗತೈತಿ?

ಶೋಭಾ: ಆತು, ದಕ್ಷಿಣಕ್ಕನ ಇರಲಿ. ಹಂಗಾರ ಬಲಗಡೆ ಮಗ್ಗಕ್ಕಿಂತ ಜೋರ ಏನರೆ ಇರಬೇಕು. ಸಾವಿತ್ರಿ ಆ ಕಡೆ ಕುಂತು ಮಾತಾಡಲಿ. ನಿದ್ದಿ ಹತ್ತಿದ ಮ್ಯಾಲ ತಲಿ ಮೆಲ್ಲಕ ಬಲಕ್ಕ ತಿರುಗಸ್ರಿ. ಎಚ್ಚರಿದ್ದಾಗ ಎತ್ತಿಕೊಳ್ರಿ, ಕಣ್ಣೆದುರಿಗೆ ಡಬ್ಬ ಹಾಕಿ ಆಡಸ್ರಿ, ದಿನಕ್ಕ ನಾಕೈದ ಸಲ. ಆಯಿ, ಎರಿಯುವಾಗ ಕಾಲ ಮ್ಯಾಲ ಡಬ್ಬ ಹಾಕಿ ಬೆನ್ನ ತಿಕ್ಕತೀರೆಲ್ಲಾ, ಹಂಗ.

ಗಂಗವ್ವ: ಕೇಳಿದ್ರೇನ್ರಿ ಅಳಿಯಂದ್ರ? ಅಮೆರಿಕಾದವ್ರಿಗೆ ಈಗ ತಿಳದೈತಿ.

ಸಾವಿತ್ರಿ: ನಾ ದಿನಾ ಮಾತಾಡತೀನಿ ಶೋಭಕ್ಕ, ನನ್ನ ದನಿ ಮಗ್ಗಕ್ಕ ಎಲ್ಲಿ ಸಾಟಿ? ರೀ, ನೀವ ಬರ್ರಿ ಈ ಕಡೆ. ಮಗ್ಗದಂಗ ಸಪ್ಪಳ ಮಾಡ್ರಿ.

ಮಲ್ಲೇಶಿ: ನಾ? ಅತ್ತಿ ಮುಂದ? (ಅತ್ತ ಇತ್ತ ನೋಡಿ) ಖಟ್ ಪಟ್... ಖಟ್ ಪಟ್...

ಗಂಗವ್ವ: ಇದೇನ ಕೈಮಗ್ಗಾ? ಜೋರ!

ಮಲ್ಲೇಶಿ: ಖಟಪಟ ಖಟಪಟ ಖಟಪಟ!

(ಅಷ್ಟರಲ್ಲಿ ಕರೆಂಟ್ ಹೋಗಿ ಒಳಗಿನ ಮಗ್ಗ ನಿಲ್ಲುತ್ತದೆ. ಕೂಸು ನಿಧಾನ ಬಲಕ್ಕೆ ಹೊರಳಿ ಅಪ್ಪನನ್ನು ದಿಟ್ಟಿಸುತ್ತದೆ.)

ಶೋಭಾ: ತಿರಗಿದ! ನಿಲ್ಲಸಬ್ಯಾಡ್ರಿ ಮಲ್ಲೇಶಣ್ಣಾ!

ಮಲ್ಲೇಶಿ: ಖಟಪಟ... ಅತ್ತಿ, ಐದರ ಬಸ್ಸು... ಖಟಪಟ...

ಗಂಗವ್ವ: ಮುಧೋಳ ಬಸ್ಸು ನಾಳೇನೂ ಬರತೈತ್ರಿ. ಕರೆಂಟಿಂದ ಹೇಳಾಕ ಬರೂದಿಲ್ಲ. ನೀವ ನೇಯ್ರಿ.